ಹಳಿಯಿಲ್ಲದ ರೈಲ್‌ರೋಡ್

ಹೋದ ವರ್ಷ ಮಕ್ಕಳಿಗಾಗಿ ಒಂದು ಸಣ್ಣ ಬರಹವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೆ. ಹ್ಯಾರಿಯೆಟ್ ಟಬ್‌ಮನ್ ಎಂಬ ಹೆಣ್ಣುಮಗಳ ಬದುಕಿನ ಕಥೆ. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ತಪ್ಪಿಸಿಕೊಂಡು, ಮತ್ತೆ ಮತ್ತೆ ಅದೇ ಜಾಗಕ್ಕೆ ವಾಪಸು ಹೋಗಿ ತನ್ನವರನ್ನು ಬಿಡಿಸಿ ಕರೆತಂದವಳು. ಬರಹ ಎಂಟೇ ಪುಟ. ಎರಡು ಸಂಜೆಯ ಕೆಲಸ ಅಂದುಕೊಂಡೆ. ಅದರಲ್ಲಿ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂಬ ಮಾತು ಆರೇಳು ಸಲ ಬರುತ್ತದೆ. ನಾನು ‘ನೆಲದಡಿಯ ರೈಲ್ವೇ’ ಎಂದು ಬರೆದು ಮುಂದೆ ಹೋದೆ. ರೈಲ್‌ರೋಡ್ ಅಂದರೆ ಅಮೆರಿಕದವರು ರೈಲ್ವೇಗೆ ಹೇಳುವ ಹೆಸರು, ಅಷ್ಟೇ ಅಲ್ವಾ? ನಿಘಂಟು ತೆಗೆದರೂ ಅದನ್ನೇ ಹೇಳುತ್ತದೆ.

ಮುಗಿದ ಮೇಲೆ ಅಕ್ಕನ ಮಗಳಿಗೆ ಓದಿ ಹೇಳಿದೆ. ಅವಳಿಗೆ ಒಂಬತ್ತು ವರ್ಷ. ಮಕ್ಕಳಿಗೆ ಬರೆದದ್ದನ್ನು ಮೊದಲು ಅವಳ ಕಿವಿಗೆ ಹಾಕುವುದು ನನ್ನ ಅಭ್ಯಾಸ. ಕಾಲು ಮಡಚಿ ಕೂತು ಕೊನೆಯವರೆಗೂ ಕೇಳಿದಳು. ರಾತ್ರಿ ಹೊತ್ತು ಕಾಡಿನಲ್ಲಿ ನಡೆಯುವುದು, ನಾಯಿಗಳು ಬೊಗಳುವುದು, ಧ್ರುವ ನಕ್ಷತ್ರ ನೋಡಿ ದಾರಿ ಹಿಡಿಯುವುದು, ಎಲ್ಲದಕ್ಕೂ ಕಣ್ಣು ದೊಡ್ಡದಾಗುತ್ತಿತ್ತು. ಮುಗಿದಾಗ ಒಂದು ಪ್ರಶ್ನೆ ಕೇಳಿದಳು. ‘ಚಿಕ್ಕಮ್ಮ, ಆ ಸುರಂಗ ತೋಡಿದ್ದು ಯಾರು? ಅಷ್ಟು ದೊಡ್ಡ ಸುರಂಗ ತೋಡುವಾಗ ಮಾಲೀಕರಿಗೆ ಸದ್ದು ಕೇಳಿಸ್ಲಿಲ್ವಾ? ಮತ್ತೆ ರೈಲು ಇದ್ರೆ ಕಾಡಲ್ಲಿ ಯಾಕೆ ನಡೀಬೇಕಿತ್ತು?’

ಸುರಂಗ ಇರಲೇ ಇಲ್ಲ. ರೈಲೂ ಇರಲಿಲ್ಲ, ಹಳಿಯೂ ಇರಲಿಲ್ಲ. ಅಂಡರ್‌ಗ್ರೌಂಡ್ ರೈಲ್‌ರೋಡ್ ಅನ್ನುವುದು ಗುಟ್ಟಾಗಿ ಸಹಾಯ ಮಾಡುವ ಜನರ ಜಾಲಕ್ಕೆ ಇದ್ದ ಹೆಸರು. ತಪ್ಪಿಸಿಕೊಂಡು ಬಂದವರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ, ಹಾಗೇ ಉತ್ತರದ ರಾಜ್ಯಗಳಿಗೆ, ಕೆನಡಾಕ್ಕೆ ದಾಟಿಸುತ್ತಿದ್ದವರ ಸಾಲು. ಇದು ನನಗೆ ಗೊತ್ತಿತ್ತು. ಬರಹದಲ್ಲೂ ಇತ್ತು. ಆದರೆ ಮಗುವಿನ ತಲೆಯಲ್ಲಿ ನನ್ನ ಎರಡು ಪದಗಳು ಸುರಂಗ ತೋಡಿಬಿಟ್ಟಿದ್ದವು. ಒಂದೊಂದು ಪದವನ್ನೂ ನಿಘಂಟಿನ ಪ್ರಕಾರ ಸರಿಯಾಗಿಯೇ ತಂದಿದ್ದೆ. ಆದರೂ ತಪ್ಪಾಗಿತ್ತು. ಅವತ್ತಿನಿಂದ ಈ ರೈಲ್ವೇ, ರೈಲ್‌ರೋಡ್ ಎರಡೂ ನನ್ನ ತಲೆ ಬಿಟ್ಟು ಹೋಗಿಲ್ಲ.

ದಾರಿ ಮೊದಲು, ಬಂಡಿ ಆಮೇಲೆ

ಮೊದಲ ತೊಡಕು ಇರುವುದು ‘ರೈಲು’ ಎಂಬ ಪದದಲ್ಲೇ. ಕನ್ನಡದಲ್ಲಿ ರೈಲು ಅಂದರೆ ಬಂಡಿ. ರೈಲು ಬಂತು, ರೈಲು ಹೋಯ್ತು, ರೈಲು ತಪ್ಪಿತು. ಇಂಗ್ಲಿಷಿನಲ್ಲಿ ರೈಲ್ ಅಂದರೆ ಹಳಿ, ನೆಲದ ಮೇಲೆ ಸುಮ್ನೆ ಮಲಗಿರುವ ಉದ್ದನೆಯ ಕಂಬಿ. ನಾವು ಕಂಬಿಯ ಹೆಸರನ್ನು ತಂದು ಬಂಡಿಗೆ ಇಟ್ಟುಕೊಂಡಿದ್ದೇವೆ. ಅದರಲ್ಲಿ ತಪ್ಪೇನಿಲ್ಲ, ಪದಗಳು ಹಾಗೇ ಊರು ಬದಲಾಯಿಸುತ್ತವೆ. ಆದರೆ ಇದರಿಂದ ರೈಲ್ವೇ, ರೈಲ್‌ರೋಡ್ ಎರಡರಲ್ಲೂ ಇರುವ ಮುಖ್ಯ ವಿಷಯ ನಮಗೆ ಕೇಳಿಸುವುದಿಲ್ಲ. ಎರಡೂ ದಾರಿಯ ಹೆಸರುಗಳು. ‘ವೇ’ ಅಂದರೆ ದಾರಿ, ‘ರೋಡ್’ ಅಂದರೂ ದಾರಿ. ಹಳಿ ಹಾಕಿದ ದಾರಿ, ಅಷ್ಟೇ. ಅದರ ಮೇಲೆ ಏನು ಓಡುತ್ತದೆ ಅನ್ನುವುದು ಹೆಸರಿನಲ್ಲಿ ಇಲ್ಲವೇ ಇಲ್ಲ.

ಇದಕ್ಕೆ ಕಾರಣ ಇದೆ. ಉಗಿ ಎಂಜಿನ್ನಿಗಿಂತ ಹಳಿ ಬಹಳ ಹಳೆಯದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ವೊಲಾಟನ್ನಿನಲ್ಲಿ 1604ರ ಹೊತ್ತಿಗೇ ಮರದ ಹಳಿಗಳ ಮೇಲೆ ಕುದುರೆಗಳು ಕಲ್ಲಿದ್ದಲ ಗಾಡಿ ಎಳೆಯುತ್ತಿದ್ದವು. ಆಗಿನ ಹೆಸರು ‘ವ್ಯಾಗನ್‌ವೇ’, ಗಾಡಿದಾರಿ. ಮರ ಹೋಗಿ ಕಬ್ಬಿಣ ಬಂದಾಗ ಹೆಸರುಗಳೂ ಬದಲಾದವು. 1803ರಲ್ಲಿ ಲಂಡನ್ ಪಕ್ಕದಲ್ಲಿ ಶುರುವಾದ ಸರ್ರೆ ಐರನ್ ರೈಲ್ವೇ ನನಗೆ ತುಂಬ ಇಷ್ಟವಾದ ಉದಾಹರಣೆ. ಆ ಕಂಪನಿ ಬಂಡಿ ಓಡಿಸುತ್ತಲೇ ಇರಲಿಲ್ಲ. ಹಳಿ ಹಾಕಿಟ್ಟಿತ್ತು. ನೀವು ನಿಮ್ಮ ಗಾಡಿ, ನಿಮ್ಮ ಕುದುರೆ ತಂದು, ಸುಂಕ ಕಟ್ಟಿ, ಅದರ ಮೇಲೆ ಹೋಗಬೇಕು. ಅಂದರೆ ನಿಜಕ್ಕೂ ಅದೊಂದು ರಸ್ತೆ. 1825ರ ಸ್ಟಾಕ್ಟನ್–ಡಾರ್ಲಿಂಗ್ಟನ್ ದಾರಿಯಲ್ಲೂ ಮೊದಮೊದಲು ಉಗಿ ಎಂಜಿನ್ ಜೊತೆಗೆ ಬೇರೆಯವರ ಕುದುರೆ ಗಾಡಿಗಳು ಓಡುತ್ತಿದ್ದವು. ಒಂಟಿ ಹಳಿಯ ಮೇಲೆ ಎದುರುಬದುರಾದರೆ ಯಾರು ಹಿಂದೆ ಸರಿಯಬೇಕು ಅಂತ ಗಾಡಿಯವರು ಜಗಳವಾಡುತ್ತಿದ್ದರಂತೆ. ಹಳಿಯೂ ಬಂಡಿಯೂ ವೇಳಾಪಟ್ಟಿಯೂ ಒಂದೇ ಕಂಪನಿಯ ಕೈಗೆ ಬಂದದ್ದು ಆಮೇಲೆ. 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೇ ಹಾಗೆ ನಡೆಯಿತು. ಅಷ್ಟರಲ್ಲಿ ಹೆಸರು ಗಟ್ಟಿಯಾಗಿಬಿಟ್ಟಿತ್ತು.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎರಡೂ ಪದ ನಡೆಯುತ್ತಿದ್ದವು. ರೈಲ್‌ರೋಡ್ ಅಮೆರಿಕದಲ್ಲಿ ಹುಟ್ಟಿದ ಪದ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ, ಅದೂ ಇಂಗ್ಲೆಂಡಿನದೇ. ಸ್ವಲ್ಪ ಕಾಲ ಒಂದೇ ಮನೆಯಲ್ಲಿದ್ದು ಆಮೇಲೆ ಬೇರೆಯಾದವು. ಬ್ರಿಟನ್ನಿನಲ್ಲಿ ‘ವೇ’ ಉಳಿಯಿತು. ಅಮೆರಿಕದಲ್ಲಿ 1827ರಲ್ಲಿ ಹುಟ್ಟಿದ ಬಾಲ್ಟಿಮೋರ್ ಅಂಡ್ ಒಹಾಯೊ ಕಂಪನಿ ‘ರೋಡ್’ ಹಿಡಿಯಿತು, ಉಳಿದವರೂ ಹೆಚ್ಚುಕಡಿಮೆ ಅದೇ ಹಿಡಿದರು. 1834ರ ಲಾಂಗ್ ಐಲ್ಯಾಂಡ್ ರೈಲ್ ರೋಡ್ ಇವತ್ತಿಗೂ ತನ್ನ ಹೆಸರನ್ನು ಎರಡು ಬಿಡಿ ಪದವಾಗಿಯೇ ಬರೆಯುತ್ತದೆ. ರೈಲ್ ಬೇರೆ, ರೋಡ್ ಬೇರೆ. ಆ ನಡುವಿನ ಜಾಗದಲ್ಲಿ ಹಳೆಯ ಅರ್ಥ ಇನ್ನೂ ಕಾಣಿಸುತ್ತದೆ.

ಎರಡೂ ಪದಗಳ ಬೇರು ಹುಡುಕಿದಾಗ ಸಿಕ್ಕಿದ್ದನ್ನೂ ಹೇಳಿಬಿಡುತ್ತೇನೆ. ‘ವೇ’ ಪದದ ಮೂಲವೂ ನಮ್ಮ ‘ವಾಹನ’ದ ಮೂಲವೂ ಒಂದೇ. ಹೊರುವುದು, ಸಾಗಿಸುವುದು ಅನ್ನುವ ಅರ್ಥದ ಬಹಳ ಹಳೆಯ ಧಾತು ಅದು. ‘ರೋಡ್’ ಬಂದದ್ದು ಕುದುರೆ ಸವಾರಿಯ ‘ರೈಡ್’ ಎಂಬ ಪದದ ಮನೆಯಿಂದ. ಮೊದಲು ಅದಕ್ಕೆ ಸವಾರಿ, ಕುದುರೆಯೇರಿ ಮೇಲೆ ಬೀಳುವುದು ಎಂಬ ಅರ್ಥವಿತ್ತು. ನೆಲದ ಮೇಲಿನ ರಸ್ತೆ ಎಂಬ ಅರ್ಥ ತಡವಾಗಿ ಬಂತು. ಪೊಲೀಸರು ರೇಡ್ ಮಾಡಿದರು ಅನ್ನುತ್ತೇವಲ್ಲ, ಆ ರೇಡ್ ಈ ರೋಡಿನ ಸ್ಕಾಟ್ ರೂಪ. ಅಂದರೆ ಒಂದು ಪದದ ನೆಂಟ ವಾಹನ, ಇನ್ನೊಂದರ ಅವಳಿ ದಾಳಿ. ಇದರಿಂದ ಏನನ್ನೂ ಸಾಧಿಸಲು ಬರುವುದಿಲ್ಲ ಅಂತ ಗೊತ್ತು. ಪದ ಹುಟ್ಟಿದ ಮನೆಗೂ ಅದು ಬಾಳಿದ ಬಾಳಿಗೂ ನೇರ ಸಂಬಂಧ ಇರಬೇಕಿಲ್ಲ. ಆದರೂ ಮುಂದೆ ರೈಲ್‌ರೋಡ್ ಪದಕ್ಕೆ ಅಂಟಿಕೊಂಡ ಅರ್ಥ ನೋಡಿದಾಗ ಇದು ನೆನಪಾಗದೆ ಇರುವುದಿಲ್ಲ.

ಹಳಿಗೆ ಬರುವುದು, ಹಳಿಗೆ ಕಟ್ಟುವುದು

ಬಹಳ ವರ್ಷದ ಹಿಂದಿನ ಮಾತು. ಆಗ ನಾನು ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಫೋನಿನಲ್ಲಿ ದೊಡ್ಡ ಸಭೆ. ದೂರದ ಕಚೇರಿಯವರು ಒಂದು ಯೋಜನೆ ಮುಂದಿಟ್ಟರು. ಯಾರೋ ಪ್ರಶ್ನೆ ಕೇಳಲು ಹೋದರು, ಅದನ್ನು ಆಮೇಲೆ ನೋಡೋಣ ಅಂದರು. ಇನ್ನೊಬ್ಬರು ಬಾಯಿ ತೆಗೆದರು, ಸಮಯವಿಲ್ಲ ಅಂದರು. ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಒಪ್ಪಿದ್ದಾರೆ ಎಂದು ಬರೆದುಕೊಂಡು ಮುಗಿಸಿಬಿಟ್ಟರು. ಹೊರಗೆ ಬಂದಾಗ ನಮ್ಮ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ, ನಮ್ಮನ್ನು ರೈಲ್‌ರೋಡ್ ಮಾಡಿದರು ಅಂದರು. ನಾನು ಅದನ್ನು ಒಳ್ಳೆಯ ಮಾತು ಅಂದುಕೊಂಡೆ. ಕನ್ನಡದಲ್ಲಿ ಕೆಲಸ ಹಳಿಗೆ ಬಂತು ಅಂದರೆ ಸರಿಹೋಯ್ತು ಅಂತ ತಾನೇ? ಬದುಕು ಹಳಿ ತಪ್ಪಿತು ಅಂದರೆ ಕೆಟ್ಟಿತು ಅಂತ. ಹಾಗಾಗಿ ‘ಅಂತೂ ಒಂದು ದಾರಿಗೆ ಬಂತಲ್ಲ ಸರ್’ ಅಂದೆ. ಅವರು ನನ್ನ ಮುಖ ನೋಡಿ ಒಂದು ಕ್ಷಣ ನಿಂತರು. ಆಮೇಲೆ ಸಮಾಧಾನವಾಗಿ ಹೇಳಿದರು. ‘ದಾರಿ ಅವರದಮ್ಮ. ನಮಗೆ ಅದರಿಂದ ಇಳಿಯೋಕೂ ಆಗಲ್ಲ, ತಿರುಗೋಕೂ ಆಗಲ್ಲ.’

ಅದೇ ಅದರ ಅರ್ಥ. ಯೋಚಿಸಲು ಬಿಡದೆ, ಮಾತಾಡಲು ಬಿಡದೆ, ತಳ್ಳಿಕೊಂಡು ಹೋಗಿ ಒಪ್ಪಿಸುವುದು. ಸರಿಯಾದ ವಿಚಾರಣೆ ಇಲ್ಲದೆ ಒಬ್ಬನನ್ನು ಜೈಲಿಗೆ ಅಟ್ಟಿದರೂ ಅದೇ ಕ್ರಿಯಾಪದ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಈ ಬಳಕೆ ನೆಲೆಯಾಗಿತ್ತು. ರೈಲ್ವೇ ಪದದಿಂದ ಇಂಥ ಕ್ರಿಯಾಪದ ಹುಟ್ಟಲಿಲ್ಲ. ಹಳಿ ಎರಡು ಕಡೆಯೂ ಒಂದೇ ಥರದ್ದು, ತಿರುಗಲು ಆಗದಿರುವುದೂ ಎರಡು ಕಡೆಗೂ ಒಂದೇ. ಹಾಗಿದ್ದರೆ ಒಂದೇ ಪದ ಯಾಕೆ ಕೆಟ್ಟ ಹೆಸರು ಹೊತ್ತುಕೊಂಡಿತು?

ನನಗೆ ಅನ್ನಿಸುವುದು ಇಷ್ಟು. ಅಮೆರಿಕದ ಮಾತಿನಲ್ಲಿ ‘ದಿ ರೈಲ್‌ರೋಡ್’ ಅಂದರೆ ಹಳಿಗಿಂತ ಜಾಸ್ತಿ ಆ ಕಂಪನಿ. 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾಯ್ದೆಯಲ್ಲಿ ಹಳಿ ಹಾಕುವ ಕಂಪನಿಗಳಿಗೆ ಸಾಲದ ಜೊತೆಗೆ ಹಳಿಯ ಎರಡೂ ಪಕ್ಕದ ಜಮೀನು ಸಿಕ್ಕಿತು. ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಪೂರ್ವದಿಂದ ಒಂದು ಕಂಪನಿ, ಪಶ್ಚಿಮದಿಂದ ಇನ್ನೊಂದು ಹಳಿ ಹಾಕಿಕೊಂಡು ಬಂದು 1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಸೇರಿದವು. ಪಶ್ಚಿಮದ ಬೆಟ್ಟಗಳಲ್ಲಿ ಬಂಡೆ ಒಡೆದದ್ದು ಸಾವಿರಾರು ಚೀನೀ ಕೂಲಿಗಳು. ಮೂರು ವರ್ಷ ಕಳೆದ ಮೇಲೆ, 1872ರಲ್ಲಿ, ಹಗರಣ ಹೊರಬಿತ್ತು. ಪೂರ್ವದಿಂದ ಹಳಿ ಹಾಕಿದ ಯೂನಿಯನ್ ಪೆಸಿಫಿಕ್ ಕಂಪನಿಯ ಒಳಗಿನವರು ಕ್ರೆಡಿಟ್ ಮೊಬಿಲಿಯರ್ ಎಂಬ ತಮ್ಮದೇ ಇನ್ನೊಂದು ಕಂಪನಿಯಿಂದ ಕೆಲಸ ಮಾಡಿಸಿ ದುಡ್ಡು ಮಾಡಿಕೊಂಡಿದ್ದರು. ಬಾಯಿ ಮುಚ್ಚಿಸಲು ಸಂಸದರಿಗೆ ಅಗ್ಗದ ದರದಲ್ಲಿ ಷೇರು ಹಂಚಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಸದರ್ನ್ ಪೆಸಿಫಿಕ್ ಕಂಪನಿಗೆ ಜನ ‘ಆಕ್ಟೋಪಸ್’ ಎಂದೇ ಹೆಸರಿಟ್ಟಿದ್ದರು. ಇಷ್ಟೆಲ್ಲ ನೋಡಿದವರ ಬಾಯಲ್ಲಿ ಆ ಪದ ಒಂದು ಬೈಗುಳದ ಕ್ರಿಯಾಪದವಾದದ್ದು ನನಗಂತೂ ಆಶ್ಚರ್ಯವಲ್ಲ. ಬ್ರಿಟನ್ನಿನ ರೈಲ್ವೇ ಕಂಪನಿಗಳೇನು ಸಾಧುಗಳಲ್ಲ. 1840ರ ದಶಕದ ‘ರೈಲ್ವೇ ಮೇನಿಯಾ’ದಲ್ಲಿ ಎಷ್ಟೋ ಮನೆಗಳ ಉಳಿತಾಯ ಮುಳುಗಿಹೋಯಿತು. ಆದರೆ ಅಲ್ಲಿ ನೆನಪಿಗೆ ಸಿಕ್ಕ ಪದ ಹುಚ್ಚು. ಇಲ್ಲಿ ಸಿಕ್ಕಿದ್ದು ದಬ್ಬಾಳಿಕೆ.

ಮೊನಾಪಲಿ ಆಟದ ಹಲಗೆಯಲ್ಲೂ ಇದೇ ಕಾಣುತ್ತದೆ. ಅಮೆರಿಕದ ಹಲಗೆಯಲ್ಲಿ ಕೊಳ್ಳಲು ಸಿಗುವುದು ನಾಲ್ಕು ರೈಲ್‌ರೋಡ್‌ಗಳು. ಲಂಡನ್ ಹಲಗೆಯಲ್ಲಿ ಅದೇ ನಾಲ್ಕು ಮನೆಗಳಲ್ಲಿ ಕಿಂಗ್ಸ್ ಕ್ರಾಸ್‌ನಂಥ ನಾಲ್ಕು ಸ್ಟೇಷನ್ನುಗಳು. ಒಂದು ಕಡೆ ಕಂಪನಿಯನ್ನೇ ಕೊಳ್ಳುತ್ತೀರಿ. ಇನ್ನೊಂದು ಕಡೆ ಜನ ಬಂದು ಹೋಗುವ ಒಂದು ಜಾಗವನ್ನು.

ಹಾಗಂತ ಅಮೆರಿಕದಲ್ಲಿ ರೈಲ್ವೇ ಪದ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬೀದಿಯಲ್ಲಿ ಓಡುವ ಟ್ರಾಮಿಗೆ ಅಲ್ಲಿ ‘ಸ್ಟ್ರೀಟ್ ರೈಲ್ವೇ’ ಅನ್ನುತ್ತಿದ್ದರು. 1926ರ ಕಾರ್ಮಿಕ ಕಾನೂನಿನ ಹೆಸರು ‘ರೈಲ್ವೇ ಲೇಬರ್ ಆಕ್ಟ್’. ದೊಡ್ಡ ಕಂಪನಿಗಳೂ ಕೆಲವು ರೈಲ್ವೇ ಆಗಿವೆ, ಅದರ ಹಿಂದೆ ದಿವಾಳಿಯ ಕಥೆ ಇದೆ. 1893ರ ಆರ್ಥಿಕ ಕುಸಿತದಲ್ಲಿ ಎಷ್ಟೋ ಕಂಪನಿ ಮುಳುಗಿದವು. ಅವುಗಳ ಆಸ್ತಿ ಕೊಂಡ ಹೊಸ ಕಂಪನಿಗೆ ಕಾನೂನಿನ ಪ್ರಕಾರ ಬೇರೆ ಹೆಸರು ಬೇಕು, ಜನ ಗುರುತಿಸುವ ಹೆಸರೂ ಉಳಿಯಬೇಕು. ಸುಲಭದ ದಾರಿ ಒಂದೇ, ಕೊನೆಯ ಪದ ಬದಲಾಯಿಸುವುದು. ಸಾಂಟಾ ಫೆ ಕಂಪನಿ 1895ರಲ್ಲಿ, ನಾರ್ದರ್ನ್ ಪೆಸಿಫಿಕ್ 1896ರಲ್ಲಿ ರೈಲ್‌ರೋಡ್ ಹೋಗಿ ರೈಲ್ವೇ ಆದವು. ಅದೇ ಹಳಿ, ಅದೇ ಬಂಡಿ, ಹೊಸ ಬೋರ್ಡು. ನಿಘಂಟು ಹೇಳುವ ‘ಎರಡೂ ಒಂದೇ’ ಎಂಬ ಮಾತು ಪೂರ್ತಿ ನಿಜವಾಗಿರುವುದು ಇಲ್ಲಿ ಮಾತ್ರ.

ಒಂಬತ್ತು ದಿನದ ಅಂತರ

ಮತ್ತೆ ಮಗುವಿನ ಪ್ರಶ್ನೆಗೆ ಬರುತ್ತೇನೆ. ನನ್ನ ತಪ್ಪಿಗೆ ಹೆಸರು ಕೊಡಲು ಎರಡು ತಾರೀಖು ಸಾಕು. 1863ರ ಜನವರಿ 10ರಂದು ಲಂಡನ್ನಿನಲ್ಲಿ ಮೆಟ್ರೊಪಾಲಿಟನ್ ರೈಲ್ವೇ ಜನರಿಗೆ ತೆರೆಯಿತು. ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್‌ಡನ್‌ವರೆಗೆ ನೆಲದಡಿಯಲ್ಲಿ, ಉಗಿ ಎಂಜಿನ್ ಎಳೆಯುವ ನಿಜವಾದ ರೈಲು. ಅದು ನೆಲದಡಿಯ ರೈಲ್ವೇ. ಅದಕ್ಕೆ ಸರಿಯಾಗಿ ಒಂಬತ್ತು ದಿನ ಮೊದಲು, ಜನವರಿ 1ರಂದು, ಗುಲಾಮರ ಬಿಡುಗಡೆ ಸಾರಿದ ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬಂದಿತ್ತು. ಅಂಡರ್‌ಗ್ರೌಂಡ್ ರೈಲ್‌ರೋಡ್‌ನ ಅಗತ್ಯವೇ ಇಲ್ಲದಂಥ ದಿನಗಳ ಶುರು ಅದು. ನಾನು ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟಿದ್ದೆ.

ಆ ಹೆಸರು ಹೇಗೆ ಬಂತು ಅನ್ನುವುದಕ್ಕೆ ಒಂದು ಕಥೆ ಹೇಳುತ್ತಾರೆ. ಕಥೆ ಅಂತಲೇ ತಗೊಳ್ಳಬೇಕು. 1831ರಲ್ಲಿ ಕೆಂಟಕಿಯಿಂದ ಟೈಸ್ ಡೇವಿಡ್ಸ್ ಎಂಬಾತ ಒಹಾಯೊ ನದಿಯನ್ನು ಈಜಿ ದಾಟಿದ. ಬೆನ್ನಟ್ಟಿ ದೋಣಿಯಲ್ಲಿ ಬಂದ ಯಜಮಾನನಿಗೆ ಆಚೆ ದಡದಲ್ಲಿ ಅವನ ಸುಳಿವೇ ಸಿಗಲಿಲ್ಲ. ನೆಲದಡಿಯ ರಸ್ತೆ ಹಿಡಿದು ಹೋದನೇನೋ ಎಂದು ಯಜಮಾನ ಅಂದನಂತೆ. ಗಮನಿಸಿ, ಆ ಕಥೆಯಲ್ಲಿ ಇರುವುದು ಬರೀ ರೋಡ್. ರೈಲ್ ಆಮೇಲೆ ಸೇರಿಕೊಂಡಿತು. ಆ ಕಾಲಕ್ಕೆ ಉಗಿ ರೈಲು ಎಲ್ಲರ ಬಾಯಲ್ಲಿದ್ದ ಹೊಸ ಬೆರಗು. ಜಾಲದವರು ಅದರ ಮಾತುಗಳನ್ನೇ ತಮ್ಮ ಗುಟ್ಟಿನ ಭಾಷೆ ಮಾಡಿಕೊಂಡರು. ಬಚ್ಚಿಡುವ ಮನೆ ‘ಸ್ಟೇಷನ್’. ಮನೆಯವರು ಸ್ಟೇಷನ್ ಮಾಸ್ಟರ್. ತಪ್ಪಿಸಿಕೊಂಡು ಬಂದವರು ಪ್ರಯಾಣಿಕರು. ದುಡ್ಡು ಕೊಡುವವರು ಷೇರುದಾರರು. ಜೊತೆಗಿದ್ದು ದಾರಿ ದಾಟಿಸುವವರು ‘ಕಂಡಕ್ಟರ್’. ದಕ್ಷಿಣದಲ್ಲಿ ನಿಜವಾದ ರೈಲ್‌ರೋಡ್ ಕಂಪನಿಗಳು ಗುಲಾಮರ ಕೈಯಲ್ಲೇ ಹಳಿ ಹಾಕಿಸುತ್ತಿದ್ದ ಕಾಲ ಅದು. ಅವರನ್ನು ದುಡಿಸಿಕೊಂಡ ಪದವನ್ನೇ ಇವರು ಬಿಡುಗಡೆಯ ಹೆಸರಾಗಿ ಮಾಡಿಕೊಂಡರು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಟಬ್‌ಮನ್ ಅಂಥ ಕಂಡಕ್ಟರ್. 1849ರಲ್ಲಿ ಮೇರಿಲ್ಯಾಂಡಿನಿಂದ ತಾನು ತಪ್ಪಿಸಿಕೊಂಡಳು. ಆಮೇಲೆ ಸುಮಾರು 13 ಸಲ ವಾಪಸು ಹೋಗಿ ಸುಮಾರು 70 ಜನರನ್ನು ಕರೆತಂದಳು. ರಾತ್ರಿ ಉದ್ದವಿರುವ ಚಳಿಗಾಲ ನೋಡಿ ಹೋಗುತ್ತಿದ್ದಳು. ಶನಿವಾರ ರಾತ್ರಿ ಹೊರಡಿಸುತ್ತಿದ್ದಳು, ಯಾಕೆಂದರೆ ಸೋಮವಾರದವರೆಗೆ ಯಜಮಾನರು ಹುಡುಕಾಟದ ಜಾಹೀರಾತು ಹಾಕಿಸಲು ಆಗುತ್ತಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ವಿಲಿಯಂ ಸ್ಟಿಲ್ ಎಂಬಾತ, ಅಲ್ಲಿಗೆ ಬಂದವರ ಕಥೆಯನ್ನು ಕೇಳಿ ಕೇಳಿ ಬರೆದಿಡುತ್ತಿದ್ದ. 1850ರಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ತನ್ನ ಬಿಡುಗಡೆಯನ್ನು ತಾನೇ ದುಡ್ಡು ಕೊಟ್ಟು ಕೊಂಡು, ಸುಮಾರು 40 ವರ್ಷದ ಹಿಂದೆ ಅಗಲಿದ ತಾಯಿಯನ್ನು ಹುಡುಕುತ್ತ ಅವನ ಕಚೇರಿಗೆ ಬಂದ. ತಂದೆ ತಾಯಿಯ ಹೆಸರು ಹೇಳಿದ. ವಿಲಿಯಂ ಕೇಳುತ್ತ ಕೂತ. ಅವು ತನ್ನ ತಂದೆ ತಾಯಿಯ ಹೆಸರುಗಳು. ಎದುರಿಗಿದ್ದವನು ತಾನು ಹುಟ್ಟುವ ಮೊದಲೇ ಹಿಂದೆ ಉಳಿದುಹೋದ ಸ್ವಂತ ಅಣ್ಣ ಪೀಟರ್.

ಕಂಡಕ್ಟರ್ ಯಾರು?

ಅನುವಾದ ಮತ್ತೆ ಮೊದಲಿನಿಂದ ಶುರು ಮಾಡಿದೆ. ‘ಭೂಗತ’ ಬರೆದು ನೋಡಿದೆ. ಭೂಗತ ಹೋರಾಟ ಅಂದಾಗ ಅದಕ್ಕೆ ಗೌರವ ಇದೆ, ಭೂಗತ ಪಾತಕಿ ಅಂದಾಗ ಭಯ. ಒಂಬತ್ತರ ಮಗುವಿಗೆ ಎರಡನೆಯದೇ ಜಾಸ್ತಿ ಪರಿಚಯ. ‘ಕಳ್ಳದಾರಿ’ ಕೈಗೆ ಬಂತು. ಆದರೆ ಇಲ್ಲಿ ಕದ್ದವರು ನಡೆದವರಲ್ಲ. ಹೊಡೆದುಹಾಕಿದೆ. ಕೊನೆಗೆ ‘ಗುಟ್ಟಿನ ರೈಲುದಾರಿ’ ಎಂದು ಬರೆದೆ. ಕೊನೆಯಲ್ಲಿ ದಾರಿ ಇದೆಯಲ್ಲ, ಅದು ಮುಖ್ಯ. ಮೊದಲ ಸಲ ಅದು ಬಂದ ಕಡೆ, ಈ ದಾರಿಗೆ ಹಳಿ ಇರಲಿಲ್ಲ, ಜನ ಇದ್ದರು ಎಂದು ಒಂದು ಸಾಲು ಸೇರಿಸಿದೆ. ಮೂಲದಲ್ಲಿ ಆ ಸಾಲಿಲ್ಲ. ಸೇರಿಸಿದ್ದಕ್ಕೆ ನನಗೆ ಬೇಸರವಿಲ್ಲ.

ಕಂಡಕ್ಟರ್ ಪದ ಇನ್ನೂ ಕಷ್ಟ ಕೊಟ್ಟಿತು. ನಮಗೆ ಕಂಡಕ್ಟರ್ ಅಂದರೆ ಬಸ್ಸು, ಟಿಕೆಟ್ಟು, ಸೀಟಿ. ಅಮೆರಿಕದ ರೈಲಿನಲ್ಲಿ ಕಂಡಕ್ಟರ್ ಅಂದರೆ ಇಡೀ ರೈಲಿನ ಹೊಣೆ ಹೊತ್ತವನು. ಬ್ರಿಟಿಷರ ರೈಲ್ವೇಯಲ್ಲಿ ಆ ಜಾಗದಲ್ಲಿ ಇರುವವನು ಗಾರ್ಡ್. ಕನ್ನಡಕ್ಕೂ ರೈಲಿನ ಮಾತುಗಳು ಆ ಕಡೆಯಿಂದಲೇ ಬಂದವು, ಗಾರ್ಡ್, ಗೂಡ್ಸ್, ಸ್ಲೀಪರ್ ಎಲ್ಲ. ನಿಯಮದ ಪ್ರಕಾರ ನಾನು ಟಬ್‌ಮನ್‌ಳನ್ನು ಗಾರ್ಡ್ ಅನ್ನಬೇಕು. ಆದರೆ ಗಾರ್ಡ್ ಅಂದರೆ ಕಾವಲುಗಾರ. ಗುಲಾಮರ ಕಥೆಯಲ್ಲಿ ಕಾವಲುಗಾರ ಯಾರ ಕಡೆಯವನು? ಒಂದು ಪದ ಬದಲಾದರೆ ಅವಳು ಬೇಲಿಯ ಆಚೆ ಕಡೆಗೆ ಹೋಗಿಬಿಡುತ್ತಾಳೆ. ಆ ದಿನ ಪೆನ್ನು ಕೆಳಗಿಟ್ಟು ಎದ್ದು ಹೋದೆ. ಮರುದಿನ ‘ದಾಟಿಸುವವಳು’ ಎಂದು ಬರೆದೆ. ಅಲ್ಲಿ ರೈಲಿನ ಸದ್ದು ಇಲ್ಲ, ನಿಜ. ಆದರೆ ಸ್ಟೇಷನ್ ಇದೆ, ಪ್ರಯಾಣಿಕರು ಇದ್ದಾರೆ. ಅಷ್ಟು ಸಾಕು ಅನ್ನಿಸಿತು.

ಎರಡನೇ ಸಲ ಓದಿದಾಗ ಅಕ್ಕನ ಮಗಳು ಸುರಂಗದ ಮಾತು ಎತ್ತಲಿಲ್ಲ. ‘ಹಾಗಾದ್ರೆ ನಿಜವಾದ ರೈಲಲ್ಲಿ ಯಾರೂ ತಪ್ಪಿಸ್ಕೊಳ್ಳಲೇ ಇಲ್ವಾ?’ ಅಂದಳು. ತಪ್ಪಿಸಿಕೊಂಡವರಿದ್ದಾರೆ. ಎಲೆನ್ ಕ್ರಾಫ್ಟ್ ಕಥೆ ಹೇಳಿದೆ. 1848ರ ಡಿಸೆಂಬರಿನಲ್ಲಿ ಜಾರ್ಜಿಯಾದ ಮೇಕನ್ನಿನಿಂದ ಎಲೆನ್ ಮತ್ತು ಅವಳ ಗಂಡ ವಿಲಿಯಂ ಹಗಲು ಹೊತ್ತಿನಲ್ಲೇ ರೈಲು ಹತ್ತಿದರು. ಅವಳ ಬಣ್ಣ ತೆಳು. ಕೂದಲು ಕತ್ತರಿಸಿಕೊಂಡು, ಗಂಡಸಿನ ಬಟ್ಟೆ ಹಾಕಿಕೊಂಡು, ಕಾಯಿಲೆ ಬಿದ್ದ ಬಿಳಿಯ ಜಮೀನ್ದಾರನ ವೇಷ ಹಾಕಿದಳು. ವಿಲಿಯಂ ಅವಳ ಆಳು. ರೈಲು, ಹಡಗು, ಮತ್ತೆ ರೈಲು. ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ ಸೇರಿದರು. ದಾರಿಯುದ್ದಕ್ಕೂ ಇದ್ದ ದೊಡ್ಡ ಅಪಾಯ ಒಂದು ಸಹಿ. ಹೋಟೆಲ್ಲುಗಳಲ್ಲಿ, ಟಿಕೆಟ್ ಕೊಡುವಲ್ಲಿ ಹೆಸರು ಬರೆಯಬೇಕು. ಗುಲಾಮರಿಗೆ ಓದು ಬರಹ ಕಲಿಸುತ್ತಿರಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅದಕ್ಕೆ ಬಲಗೈಗೆ ಪಟ್ಟಿ ಸುತ್ತಿ ಕುತ್ತಿಗೆಗೆ ಜೋಲಿ ಕಟ್ಟಿಕೊಂಡಿದ್ದಳು, ಕೈ ನೋವು ಅಂತ.

ಅಕ್ಕನ ಮಗಳು ಏನೂ ಹೇಳದೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಟವೆಲ್ಲಿನಲ್ಲಿ ಬಲಗೈ ಕಟ್ಟಿಕೊಂಡು ವಾಪಸು ಬಂದಳು. ನನ್ನ ಬರಹದ ಕೊನೆಯ ಹಾಳೆಯನ್ನು ಎಡಗೈಯಿಂದ ನನ್ನ ಕಡೆ ತಳ್ಳಿ, ‘ಚಿಕ್ಕಮ್ಮ, ನನ್ನ ಹೆಸರು ನೀನೇ ಬರಿ’ ಅಂದಳು.